ಹಾಲು ಉಕ್ಕಿದ ಕಡೆ

ರಥಸಪ್ತಮಿಯ ಬೆಳಗ್ಗೆ ಗುರುಪುತ್ರಪ್ಪನವರ ಅಂಗಳದಲ್ಲಿ ಹಾಲಿನ ಗಡಿಗೆ ಒಲೆ ಏರುವ ಹೊತ್ತಿಗೆ, ಮನೆ ಕೆಡವುವವನೂ ಬಂದು ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವನು ಬೆಳಗಾವಿಯ ಬಿಲ್ಡರ್ ರೋಹನ, ಮಗ ಅನಿಕೇತನ ಕಾಲೇಜು ಗೆಳೆಯ. ದೇಸೂರಿನ ಈ ಹಳೇ ಮನೆ, ಅದರ ಮಗ್ಗುಲಿನ ಕಲ್ಲುಗೋಡೆಯ ಕೊಟ್ಟಿಗೆ ಎರಡೂ ಹೋಗಿ ಅಲ್ಲಿ ಫ್ಲ್ಯಾಟುಗಳು ಏಳಬೇಕೆಂದು ಅವನ ನಕ್ಷೆ. ಹಾಲು ರಸ್ತೆಯ ಕಡೆ ಉಕ್ಕಿದರೆ ಜಾಗ ಅವನದು. ಕೊಟ್ಟಿಗೆಯ ಕಡೆ ಉಕ್ಕಿದರೆ ಬಂದ ದಾರಿಗೆ ಸುಂಕವಿಲ್ಲ.

ಇದು ಆ ಮನೆಯ ಪದ್ಧತಿ. ದೀಪಾವಳಿಯಲ್ಲಿ ಸಗಣಿಯಿಂದ ಮಾಡಿ ಪೂಜಿಸಿದ ಪಾಂಡವರನ್ನು ಒಣಗಿಸಿಟ್ಟು, ರಥಸಪ್ತಮಿಯಂದು ಅದೇ ಕುಳ್ಳಿನ ಉರಿಯಲ್ಲಿ ಹಾಲು ಉಕ್ಕಿಸುತ್ತಿದ್ದರು. ಬಾವಿ ತೋಡಿಸುವುದಿರಲಿ, ಬೀಗತನ ಬೆಳೆಸುವುದಿರಲಿ, ದೊಡ್ಡ ಮಾತೆಲ್ಲ ತೀರ್ಮಾನವಾಗುತ್ತಿದ್ದದ್ದು ಹಾಲು ಉಕ್ಕಿದ ದಿಕ್ಕು ನೋಡಿಯೇ. ದಿನಾ ವಚನ ಹೇಳುವ ಬಾಯಲ್ಲಿ ಶಕುನದ ಮಾತೇನು ಎಂದು ಯಾರಾದರೂ ಕೆಣಕಿದರೆ ಗುರುಪುತ್ರಪ್ಪನವರ ಉತ್ತರ ಸಿದ್ಧವಿತ್ತು: ಶಕುನ ಬೇರೆ, ಹಾಲು ಬೇರೆ.

ಸೊಸೆ ನಾಗರತ್ನಾಳಿಗೆ ಮಾತ್ರ ಹಿಂದಿನ ದಿನದಿಂದ ಅನ್ನ ಸೇರಿರಲಿಲ್ಲ. ಕೊಟ್ಟಿಗೆ ಹೋದರೆ ಎಮ್ಮೆಗಳು ಹೋಗುತ್ತವೆ. ಎಮ್ಮೆಗಳು ಹೋದರೆ ಅವಳು ಹಾಲು ಬತ್ತಿಸಿ ಕಾಸುವ ಖವಾ ಹೋಗುತ್ತದೆ. ಬೆಳಗಾವಿಯ ಕುಂದಾ ಮಿಠಾಯಿಯ ಅಂಗಡಿಯೊಂದರಲ್ಲಿ ಅವಳ ಖವಾ ಬರುವವರೆಗೆ ಬಾಣಲೆಯನ್ನೇ ಇಡುತ್ತಿರಲಿಲ್ಲ. ಅದಕ್ಕೂ ಹೆಚ್ಚಾಗಿ ಆ ಕೊಟ್ಟಿಗೆಯೆಂದರೆ ಅವಳಿಗೆ ಜೀವ. ಮುತ್ತಜ್ಜನ ಕಾಲದಲ್ಲಿ ಖಾನಾಪುರದ ಕಾಡಿನಿಂದ ಬಂದ ಸಾಗವಾನಿ ತೊಲೆಗಳು, ಎಂಥ ಚಳಿಯಲ್ಲೂ ಬೆಚ್ಚಗಿರುವ ಒಳಗು. ಮದುವೆಯಾಗಿ ಬಂದ ಹೊಸತರಲ್ಲಿ ತವರು ನೆನಪಾದಾಗೆಲ್ಲ ಅವಳು ಹೋಗಿ ಅತ್ತು ಹಗುರಾಗಿ ಬಂದದ್ದು ಅಲ್ಲಿಯೇ. ಎರಡನೇ ಅಂತಸ್ತಿನ ಫ್ಲ್ಯಾಟಿನಲ್ಲಿ ಎಮ್ಮೆ ಕಟ್ಟಲಾದೀತೇ?

ಗಂಡನಿಗೆ ಇದನ್ನು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಅನಿಕೇತ ಯಾವುದೋ ಖುಷಿಯಲ್ಲಿ ಗೆಳೆಯನಿಗೆ ಮಾತು ಕೊಟ್ಟುಬಿಟ್ಟಿದ್ದ. ಹೊಸ ಮನೆಯ ನೆಲಕ್ಕೆ ಹಾಕುವ ಟೈಲ್ಸಿನ ಮಾದರಿ ಎಂದು ರೋಹನ ಕೊಟ್ಟ ಅಂಗೈಯಗಲದ ಬಿಳಿ ತುಂಡನ್ನು ಜೇಬಿನಲ್ಲಿಟ್ಟುಕೊಂಡು, ಸಿಕ್ಕವರಿಗೆಲ್ಲ ತೋರಿಸುತ್ತ ತಿರುಗುತ್ತಿದ್ದ. ಮಾವನನ್ನು ಕೇಳಿದರೆ, ಮುಂದೆ ಬಾಳಿ ಬದುಕುವವನು ಮಗ, ತಾನು ಅಡ್ಡ ಬರುವುದಿಲ್ಲ, ಹಾಲು ಹೇಳಿದಂತಾಗಲಿ ಎಂದು ಕೈ ತೊಳೆದುಕೊಂಡಿದ್ದರು. ಅದಕ್ಕೇ ನಸುಕಿನಲ್ಲಿ ಅಂಗಳ ಸಾರಿಸಲು ಬಂದವಳು ಅತ್ತಿತ್ತ ನೋಡಿ, ಹಿಂದಿನ ಸಂಜೆ ಹೂಡಿಟ್ಟಿದ್ದ ಒಲೆಯ ಮೂರು ಕಲ್ಲುಗಳಲ್ಲಿ ರಸ್ತೆಯ ಕಡೆಯ ಕಲ್ಲಿನ ಕೆಳಗೆ ಒಂದು ಹಂಚಿನ ಚೂರು ತುರುಕಿದ್ದಳು. ದೇವರೇ, ಇದೊಂದು ಸಲ ಕಣ್ಣು ಮುಚ್ಚಿಕೋ ಎಂದು ಬೇಡಿಕೊಂಡಿದ್ದಳು.

ಕುಳ್ಳು ಹೊತ್ತಿಕೊಂಡಿತು. ಎಲ್ಲರೂ ಒಲೆಯ ಸುತ್ತ ಬಂದು ನಿಂತರು. ಮೊದಲು ನೋಡಿದವನು ರೋಹನನೇ.

"ಕಾಕಾ, ಗಡಿಗಿ ಕೊಟ್ಟಿಗಿ ಕಡೆ ವಾಲೈತಲ್ರಿ?"

ಅವನು ಹೇಳಿದ್ದು ನಿಜ. ಒಂದು ಹಂಚಿನ ಚೂರಿಗೆ ಗಡಿಗೆ ಇಷ್ಟೊಂದು ವಾಲೀತೆಂದು ನಾಗರತ್ನಾ ಎಣಿಸಿರಲಿಲ್ಲ. ಈಗ ಮಾವ ಒಲೆ ಬಿಚ್ಚಿಸುತ್ತಾರೆ, ತನ್ನ ಕಳ್ಳತನ ಹೊರಬೀಳುತ್ತದೆ ಎಂದುಕೊಂಡಳು. ಆದರೆ ಗುರುಪುತ್ರಪ್ಪನವರು ಮಾಡಿನ ಮೇಲಿನ ಗುಬ್ಬಿಗಳನ್ನು ನೋಡುತ್ತ ನಿಂತಿದ್ದರು.

"ಮಣ್ಣಿನ ಗಡಿಗಿ ತಮ್ಮಾ, ಕುಂಬಾರ ಮಾಡಿದಂಗ ಇರತೈತಿ," ಎಂದರು.

ತಪ್ಪು ಗಡಿಗೆಯದಲ್ಲ, ಒಂದು ಕಲ್ಲೇ ಎತ್ತರವಾಗಿದೆ ಎಂದು ರೋಹನ ಬಗ್ಗಿ ನೋಡಲು ಹೋದ. ಅನಿಕೇತ ಅವನ ತೋಳು ಹಿಡಿದು ನಿಲ್ಲಿಸಿದ.

"ಉರಿ ಹತ್ತಿದ ಮ್ಯಾಲ ಕಲ್ಲ ಮುಟ್ಟಬಾರದೋ. ನಮ್ಮ ಮನ್ಯಾಗ ಪದ್ಧತಿ ಇಲ್ಲ."

ಇಂಥದ್ದೊಂದು ಪದ್ಧತಿಯನ್ನು ನಾಗರತ್ನಾ ಕೇಳಿದ್ದು ಅದೇ ಮೊದಲು.

ಹಾಲು ಪಾಪ, ಪೂರ್ತಿ ಉಕ್ಕುವವರೆಗೂ ಕಾಯಲಿಲ್ಲ. ಅರ್ಧ ಏರುತ್ತಲೇ ಕೊಟ್ಟಿಗೆಯ ಕಡೆಯ ಅಂಚು ದಾಟಿ ಸುರಿದು, ಸಾರಿಸಿದ ನೆಲದ ಮೇಲೆ ಹರಿದು, ಬಾಗಿಲ ಗೂಟಕ್ಕೆ ಕಟ್ಟಿದ್ದ ಕರುವಿನ ಮುಂದೆ ಹೋಗಿ ನಿಂತಿತು. ಕರು ನೆಕ್ಕತೊಡಗಿತು. ರಸ್ತೆಯ ಕಡೆ ಒಂದು ಹನಿಯೂ ಬೀಳಲಿಲ್ಲ. ಗುರುಪುತ್ರಪ್ಪನವರು ಕಣ್ಣು ಮುಚ್ಚಿ ಕೈಮುಗಿದರು. ಅನಿಕೇತ ಮುಖ ಸಪ್ಪಗೆ ಮಾಡಿಕೊಂಡು ಗೆಳೆಯನ ಹೆಗಲ ಮೇಲೆ ಕೈಯಿಟ್ಟ. "ನಾ ಏನ್ ಮಾಡ್ಲೋ, ಹಾಲ ಒಪ್ಪಲಿಲ್ಲ," ಎಂದ.

ರೋಹನ ಒಬ್ಬೊಬ್ಬರ ಮುಖವನ್ನೂ ನೋಡಿದ. ವಡಗಾವಿಯ ಓಣಿಯಲ್ಲಿ ಅವನ ತಾಯಿಯೂ ಹಾಲು ಉಕ್ಕಿಸುವವಳೇ. ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಷೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಉಳಿದ ಹಾಲಿನ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಉಂಡು, ತಾಯಿಗೆಂದು ಖವಾ ಕಟ್ಟಿಸಿಕೊಂಡು ಹೋದ. ಜಾಗಕ್ಕೇನು ಬರ, ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದ. ನಾಗರತ್ನಾ ಕೊಟ್ಟಿಗೆಗೆ ಓಡಿ ಎಮ್ಮೆಗಳ ಕೊರಳು ತಬ್ಬಿಕೊಂಡು, ಅಳಲೆಂದೇ ಇದ್ದ ಆ ಜಾಗದಲ್ಲಿ ಮನಸಾರೆ ನಕ್ಕಳು.

ಬೂದಿ ಆರಿದ ಮೇಲೆ ತನ್ನ ಹಂಚಿನ ಚೂರು ಯಾರ ಕಣ್ಣಿಗೂ ಬೀಳದಿರಲಿ ಎಂದು ಅಂಗಳಕ್ಕೆ ಬಂದು ರಸ್ತೆಯ ಕಡೆಯ ಕಲ್ಲು ಎತ್ತಿದಳು. ಚೂರಿನ ಪಕ್ಕದಲ್ಲಿ ಮಾವನ ನೇಗಿಲಿನ ಬೆಣೆ ಇತ್ತು. ಬಾಯಿಗೆ ಸೆರಗು ಒತ್ತಿಕೊಂಡು ಎರಡನ್ನೂ ಕಿತ್ತಳು. ಆದರೂ ತಳದಲ್ಲಿ ಏನೋ ಹೊಳೆಯಿತು. ಎಲ್ಲಕ್ಕಿಂತ ಕೆಳಗೆ, ಎಲ್ಲರಿಗಿಂತ ಮೊದಲೇ ಇಟ್ಟಂತೆ, ಮಣ್ಣಿನಲ್ಲಿ ಅರ್ಧ ಹೂತುಕೊಂಡಿತ್ತು ಅಂಗೈಯಗಲದ ಬಿಳಿ ಟೈಲ್ಸು.

ಅಲ್ಲೇನು ಮಾಡುತ್ತಿದ್ದೀ ಎಂದು ಪಡಸಾಲೆಯಿಂದ ಅನಿಕೇತ ಕೂಗಿ ಕೇಳಿದ.

"ಏನಿಲ್ರೀ, ಒಲಿ ಸ್ವಚ್ಛ ಮಾಡಾಕತ್ತೇನಿ."

ಟೈಲ್ಸನ್ನು ಸೆರಗಿನಿಂದ ಒರೆಸಿದಳು. ಮುಖ ಕಾಣುವಷ್ಟು ಹೊಳಪು. ಅದನ್ನು ಇದ್ದಲ್ಲೇ ಇಟ್ಟು, ಮೇಲೆ ಕಲ್ಲು ಕೂರಿಸಿದಳು. ಮುಂದಿನ ವರ್ಷ ಇನ್ಯಾವ ಬಿಲ್ಡರ್ ಬರುತ್ತಾನೋ.