ನೆರಳಿಗೆ ಹೋಗದ ನೋಟಿಸು

ಸತ್ತು ವರ್ಷ ತುಂಬಿದವರ ನೆರಳು ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ನೆರಳು ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು. ಚನ್ನವೀರನ ನೆರಳನ್ನು ಅಳಿಸಬೇಕೆಂದು ಅದು ಆದೇಶಿಸಿದಾಗ ಹೆಂಡತಿ ಸುವರ್ಣಾ ಮೇಲಿನ ಕೋರ್ಟಿಗೆ ಹೋದಳು.

“ದಿನಾ ನನ್ನ ಜೋಡಿ ಊಟಕ್ಕ ಕೂಡ್ತಾರ್ರೀ,” ಎಂದಳು.

“ಅದು ಮನೀ ಸಂಗತಿ ಆತವ್ವಾ. ಇಲ್ಲಿ ಕಾನೂನಿನ ಪ್ರಶ್ನೆ ಇದ್ರಷ್ಟ ಕೇಳ್ತೀವಿ,” ಎಂದರು ನ್ಯಾಯಮೂರ್ತಿ.

ಸುವರ್ಣಾ ತುಸು ಯೋಚಿಸಿದಳು. “ಅಳಸೂಕಿಂತ ಮೊದಲ ಅವರನ್ನೂ ಒಂದು ಮಾತು ಕೇಳಬೇಕಿತ್ತಲ್ರೀ?”

ನ್ಯಾಯಮೂರ್ತಿ ಕಡತ ತಿರುವಿದರು. ನಿಜ, ನೆರಳಿಗೆ ನೋಟಿಸೇ ಹೋಗಿರಲಿಲ್ಲ. ಅವರ ಸನ್ನೆಯಂತೆ ಜವಾನ ಬಾಗಿಲಲ್ಲಿ ನಿಂತು, ಕಕ್ಷಿದಾರರನ್ನು ಕರೆಯುವ ವಾಡಿಕೆಯಂತೆ, ಚನ್ನವೀರನ ಹೆಸರನ್ನು ಮೂರು ಸಲ ಕೂಗಿದ.

ಮೂರನೆಯ ಕೂಗಿಗೆ ಸುವರ್ಣಳ ಪಕ್ಕದ ಖಾಲಿ ಬೆಂಚಿನಿಂದ ನೆರಳು ಎದ್ದಿತು. ಗೋಡೆಗುಂಟ ನಡೆದು ಕಟಕಟೆಗೆ ಬಂದು ಕೈಮುಗಿಯಿತು.

“ಆದೇಶ ರದ್ದು,” ಎನ್ನುವಾಗ ನ್ಯಾಯಮೂರ್ತಿ ತಾವೂ ಎದ್ದು ನಿಂತಿದ್ದರು.