ಗದ್ದದ ಮೇಲಿನ ನೊರೆ

ಕ್ಷೌರಿಕನ ಕತ್ತಿ ಗಂಟಲ ಮೇಲಿದ್ದಾಗಲೇ ಬೆಂಚಿನಲ್ಲಿ ಕೂತಿದ್ದವರು ಮುದುಕನ ಮಗನ ಮಾತೆತ್ತಿದರು. ಈ ಗಿರಾಕಿ ಆ ಫುಟ್‌ಬಾಲ್ ಆಟಗಾರನ ಅಪ್ಪನೆಂದು ಅವರಿಗೆ ಗೊತ್ತಿರಲಿಲ್ಲ. ಮುದುಕ ಉಗುಳು ನುಂಗುವುದನ್ನೂ ನಿಲ್ಲಿಸಿದ.

"ಕೊನೇ ಪೆನಾಲ್ಟಿ ಹೊಡಿಯೋಕೆ ಮುಂದೇನೇ ಬರ್ಲಿಲ್ವಲ್ಲ ಮಾರಾಯ! ತಂಡ ಸೋತ್ರೆ ಅವನಿಗೇನು? ಕೊಬ್ಬು!" ಎಂದ ಅವರಲ್ಲೊಬ್ಬ ಡ್ರೈವರ್.

"ಕಾಲು ನೋವಿತ್ತೇನೋ ಕಣೋ," ಎಂದ ಪಕ್ಕದವನು.

"ನೋವಂತೆ ನೋವು! ಅವನು ಸಿಗದಿದ್ರೆ ಅವನ ಮನೆಯವರಾದ್ರೂ ಕೈಗೆ ಸಿಗ್ಲಿ," ಎಂದು ಕ್ಷೌರಿಕ ಕತ್ತಿ ಎತ್ತಿ ತೋರಿಸಿದ.

ಗೋಡೆಯ ಪೋಸ್ಟರಿನಲ್ಲಿ ಮಗನ ಮುಖಕ್ಕೆ ಮಸಿ ಬಳಿದಿದ್ದರು. ಡ್ರೈವರನ ಬೆರಳಲ್ಲಿ ಆ ಮಸಿ ಇನ್ನೂ ಆರಿರಲಿಲ್ಲ. ಮಸಿ ತಾಗದೆ ಉಳಿದಿದ್ದುದು ಊರಿಗೆಲ್ಲ ಗುರುತಿದ್ದ ಗದ್ದದ ಗುಳಿಯೊಂದೇ. ಅದೇ ಗುಳಿ ಮುದುಕನ ಗದ್ದದಲ್ಲೂ ಇತ್ತು, ಸದ್ಯಕ್ಕೆ ನೊರೆಯ ಕೆಳಗೆ. ಎಡಗೆನ್ನೆ ಬಯಲಾಯಿತು. ಬಲಗೆನ್ನೆಯೂ ಆಯಿತು. ಎದ್ದು ಓಡೋಣವೆಂದರೆ ಬೆಂಚು ಬಾಗಿಲ ಪಕ್ಕದಲ್ಲೇ ಇತ್ತು.

ಕತ್ತಿ ಗದ್ದದ ಮೇಲೆ ಒಮ್ಮೆ ಜಾರಿ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಕ್ಷೌರಿಕನ ಕಣ್ಣು ಪೋಸ್ಟರಿಗೆ ಹೋಗಿ ಮುದುಕನ ಮುಖಕ್ಕೆ ಮರಳಿತು. ಮುದುಕ ಕಣ್ಣು ಮುಚ್ಚಿಕೊಂಡ.

"ಏನಾಯ್ತೋ?" ಎಂದು ಡ್ರೈವರ್ ಬೆಂಚಿನಿಂದ ಎದ್ದ.

"ಏನಿಲ್ಲ, ನೀನು ಕೂತ್ಕೋ."

ತಣ್ಣನೆಯದೇನೋ ಗದ್ದಕ್ಕೆ ತಾಗಿ ಮುದುಕ ಬೆಚ್ಚಿಬಿದ್ದ. ಕತ್ತಿಯಲ್ಲ, ಬ್ರಷ್ಷು. ಕ್ಷೌರಿಕ ಗುಳಿ ಕಾಣದಂತೆ ದಪ್ಪಗೆ ನೊರೆ ಬಳಿಯುತ್ತಿದ್ದ.

"ಅಲ್ಲಾಡ್ಬೇಡಿ ಯಜಮಾನ್ರೇ," ಎಂದು ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. "ಮೊದಲು ಅವರು ಹೋಗ್ಲಿ."

ಆಮೇಲೆ ಕತ್ತಿ ಮಡಚಿ ಜೇಬಿಗೆ ಹಾಕಿಕೊಂಡ.