ಒಂದು ಹಲ್ಲಿನ ದೂರ

ಮಧ್ಯಾಹ್ನದ ಹನ್ನೆರಡು ಹೊಡೆಯುತ್ತಲೇ ಹಳೆಯ ಗಡಿಯಾರದ ಪುಟ್ಟ ಬಾಗಿಲು ತೆರೆಯಿತು. ಬೊಂಬೆಗಳಲ್ಲಿ ಡೋಲಿನವನು ಬಂದ, ಛತ್ರಿ ಹಿಡಿದವಳು ಬಂದಳು. ಕೋಲೂರಿದ ಮುದುಕ ಮಾತ್ರ ಬರಲಿಲ್ಲ. ಅವನು ನಿನ್ನೆಯೇ ಒಬ್ಬನೇ ಬಂದು, ಇವತ್ತು ಬಾಗಿಲು ದಾಟಿ ತನ್ನ ಚಕ್ರದ ಒಂದು ಹಲ್ಲು ಮುಂದೆ ನಿಂತಿದ್ದ.

ಮಗಳು ಚಿಮುಟ ಎತ್ತಿಕೊಂಡಳು. "ಅಪ್ಪಾ, ಒಂದೇ ಒಂದು ಹಲ್ಲು ಹಿಂದಕ್ಕೆ ತಳ್ತೀನಿ. ಬಾಗಿಲು ಮುಚ್ಚೋದ್ರೊಳಗೆ ಮೂವರನ್ನೂ ಒಟ್ಟಿಗೆ ನೋಡಿಬಿಡು. ಆಮೇಲೆ ಇದ್ದಲ್ಲಿಗೇ ಇಟ್ರಾಯ್ತು, ಯಾರಿಗೆ ಗೊತ್ತಾಗತ್ತೆ?"

ಮೂವರೂ ತಾವಾಗಿ ಸೇರಲು ಇನ್ನೂ ಮೂರು ವರ್ಷ ಬೇಕು. ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ ಅಪ್ಪನಿಗೆ ಡಾಕ್ಟರು ಕೊಟ್ಟ ಗಡುವು ಈ ವರ್ಷದ ಕೊನೆ. ಜೀವಮಾನವೆಲ್ಲ ಈ ಗಡಿಯಾರಕ್ಕೆ ಕೀಲಿ ಕೊಟ್ಟವನು ಈಗ ಆ ಕೆಲಸವನ್ನು ಮಗಳಿಗೆ ಬಿಟ್ಟಿದ್ದ.

"ಮೊದಲು ಇದನ್ನ ಮಾಡಿದ ಮುತ್ತಾತನ ಲೆಕ್ಕ ಒಪ್ಪಿಸು," ಎಂದ ಅಪ್ಪ.

"ಮೂರು ಬೊಂಬೆಗೆ ಮೂರು ಚಕ್ರ. ಡೋಲಿನವನದಕ್ಕೆ ಮೂವತ್ತೊಂದು, ಛತ್ರಿಯವಳದಕ್ಕೆ ಮೂವತ್ತೇಳು, ಮುದುಕನದಕ್ಕೆ ನಲವತ್ತೊಂದು ಹಲ್ಲು. ಮೂರೂ ಯಾವುದಕ್ಕೂ ಭಾಗವಾಗದ ಹಠಮಾರಿ ಸಂಖ್ಯೆಗಳು. ದಿನಕ್ಕೊಂದು ಹಲ್ಲು ಸರಿದರೆ, ಒಟ್ಟಿಗೆ ಹೊರಟ ಮೂವರೂ ಮತ್ತೆ ಸೇರೋದು ನಲವತ್ತೇಳು ಸಾವಿರದ ಇಪ್ಪತ್ತೇಳು ದಿನಕ್ಕೊಮ್ಮೆ. ನೂರಿಪ್ಪತ್ತೆಂಟು ವರ್ಷ ದಾಟತ್ತೆ."

ಇದು ಅವಳಿಗೆ ಜೋಗುಳದ ಜೊತೆಗೇ ಬಂದ ಲೆಕ್ಕ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಪುಣ್ಯಾತ್ಮ ಎಂದು ನೆಂಟರೆಲ್ಲ ಮುತ್ತಾತನನ್ನು ಆಡಿಕೊಂಡದ್ದೂ ಗೊತ್ತಿತ್ತು.

"ಅದರ ಒಳಗಿನ ಸೊಗಸು ಕೇಳು," ಎಂದ ಅಪ್ಪ. "ಡೋಲಿನವನೂ ಛತ್ರಿಯವಳೂ ಮೂರು ವರ್ಷ ಚಿಲ್ಲರೆಗೊಮ್ಮೆ ಸೇರ್ತಾರೆ. ಮೊದಲ ಸಲ ಸೇರಿದಾಗ ಮುದುಕ ಬಾಗಿಲಿಗೆ ಒಂದು ಹಲ್ಲು ಹಿಂದಿದ್ದ. ಮುಂದಿನ ಸಲ ಎರಡು. ಆಮೇಲೆ ಮೂರು. ಪ್ರತಿ ಸಲವೂ ಕರಾರುವಾಕ್ಕಾಗಿ ಇನ್ನೊಂದೇ ಹಲ್ಲು ದೂರ. ಹಾಗೆ ಹಿಂದೆ ಬೀಳ್ತಾ ಬೀಳ್ತಾನೇ ಇಡೀ ಚಕ್ರ ಸುತ್ತಿ, ಈಗ ಬಾಗಿಲ ಆಚೆ ಮಗ್ಗುಲಿಗೆ ಬಂದಿದ್ದಾನೆ. ಇನ್ನೊಂದು ಹಲ್ಲು ಹಿಂದೆ ಬಿದ್ದರೆ ಬಾಗಿಲಲ್ಲೇ ಇರ್ತಾನೆ."

ಮಗಳ ಮೈ ಜುಮ್ಮೆಂದಿತು. ನೂರಿಪ್ಪತ್ತೈದು ವರ್ಷ, ಎರಡು ಯುದ್ಧ, ಎಷ್ಟೋ ಸಾವು. ಒಂದು ದಿನವೂ ತಪ್ಪದೆ ಆ ಪುಟ್ಟ ಮುದುಕ ದೂರವಾಗುತ್ತಲೇ ಹತ್ತಿರ ಬಂದಿದ್ದ. ಇಷ್ಟು ದೊಡ್ಡದೊಂದು ತನ್ನ ಮನೆಯ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತೆಂದು ಅವಳಿಗೆ ಇವತ್ತಿನವರೆಗೆ ಹೊಳೆದೇ ಇರಲಿಲ್ಲ.

"ತಳ್ಳಿದ್ರೆ ಬರ್ತಾನೆ ಕಣಮ್ಮಾ," ಎಂದ ಅಪ್ಪ ಮೆಲ್ಲಗೆ. "ಆದ್ರೆ ಅದು ಬಂದ ಹಾಗಲ್ಲ, ನಾವು ಎಳ್ಕೊಂಡು ಬಂದ ಹಾಗೆ."

"ಹಾಗಾದ್ರೆ ನೀನು ನೋಡೋದು ಯಾವಾಗ?" ಎಂದಳು ಮಗಳು.

"ನಿನ್ನೆ ಅವನನ್ನ ನೋಡ್ದೆ. ಇವತ್ತು ಇವರಿಬ್ಬರನ್ನ. ನನ್ನ ಪಾಲಿಗೆ ಮೂವರೂ ಬಂದು ಹೋದ್ರು. ಒಟ್ಟಿಗೆ ನೋಡೋದು ನಿನ್ನ ಪಾಲು. ಹೊತ್ತಾಯ್ತು, ಕೀಲಿ ಕೊಡು."

ಅವಳು ಚಿಮುಟ ಕೆಳಗಿಟ್ಟು ಕೀಲಿ ತಿರುಗಿಸಿದಳು. ಬಾಗಿಲು ಮುಚ್ಚುವ ಮುನ್ನ ಒಳಗೆ ಮುದುಕನ ಬೆನ್ನು ಕಂಡಿತು. ಬರುವ ದಾರಿಯಲ್ಲಿದ್ದ.